ಕೆಂಪು ಇಂಕಿಗೆ ಮುಂಚೆ ಮಾಡಬೇಕಾದ ಓದು

ಡಿಗ್ರಿ ಮೊದಲ ವರ್ಷದವರ ಅಸೈನ್‌ಮೆಂಟ್ ಕಟ್ಟು ಬಿಚ್ಚಿ ನೋಡಿದರೆ ಬರೆದವರ ತಪ್ಪಿಗಿಂತ ಮೊದಲು ತಿದ್ದಿದವರ ದಣಿವು ಕಣ್ಣಿಗೆ ಬೀಳುತ್ತದೆ. ಮೊದಲ ಪುಟದಲ್ಲಿ ಸಾಲುಸಾಲಿಗೂ ಕೆಂಪು ಸುತ್ತು, ಮೇಲೆ ಸರಿಯಾದ ಕಾಗುಣಿತ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಎರಡನೇ ಪುಟದಲ್ಲಿ ಬರೀ ಅಡಿಗೆರೆ. ಮೂರನೆಯದರಲ್ಲಿ ಉದ್ದಕ್ಕೆ ಒಂದು ಟಿಕ್ ಎಳೆದು, ಕೊನೆಗೆ 'ಭಾಷೆ ಸುಧಾರಿಸಬೇಕು' ಎಂಬ ಷರಾ, ಹತ್ತಕ್ಕೆ ಐದೂವರೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಹುಡುಗನ ಭಾಷೆಯೇನೂ ಸುಧಾರಿಸಿರುವುದಿಲ್ಲ. ಅವನು ಅಂಕ ನೋಡಿ, ಹಾಳೆ ಮಡಚಿ ಬ್ಯಾಗಿಗೆ ತುರುಕುತ್ತಾನೆ. ಮುಂದಿನ ಇಂಟರ್ನಲ್ಸ್‌ನಲ್ಲಿ ಅದೇ ತಪ್ಪುಗಳು, ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ. ಇದಕ್ಕೆ ಕೊಡುವ ಕಾರಣಗಳು ಎಲ್ಲರಿಗೂ ಬಾಯಿಪಾಠ: ಪಿಯುಸಿಯಲ್ಲಿ ಸರಿಯಾಗಿ ಕಲಿಸಿಲ್ಲ, ಹುಡುಗರಿಗೆ ಗಮನವಿಲ್ಲ, ಮೊಬೈಲು ಹಾಳು ಮಾಡಿತು. ಈ ಮೂರರಲ್ಲಿ ಯಾವುದನ್ನು ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಗಮನವಿಲ್ಲದೆ ಮಾಡಿದ ತಪ್ಪು ಅಲ್ಲಿ ಇಲ್ಲಿ ಚೆದುರಿರಬೇಕಿತ್ತು. ಪ್ರತಿ ಸಲ ಒಂದೇ ಜಾಗದಲ್ಲಿ ಯಾಕೆ ಬರುತ್ತದೆ?

ಈ ಪ್ರಶ್ನೆಯನ್ನು ಐವತ್ತು ವರ್ಷದ ಹಿಂದೆಯೇ ಹಿಡಿದು ಕೂತವರು ಮೀನಾ ಶಾನೆಸ್ಸಿ. ನ್ಯೂಯಾರ್ಕಿನ ಅಧ್ಯಾಪಕಿ. ಅಮೆರಿಕದಲ್ಲಿ ಕಾಲೇಜು ಬರವಣಿಗೆ ಕಲಿಸುವವರಿಗೆಲ್ಲ ಪರಿಚಿತ ಹೆಸರು. ನಮ್ಮಲ್ಲಿ ಬಿ.ಇಡಿ. ಸಿಲಬಸ್ಸಿನಲ್ಲಾಗಲಿ, ಅಧ್ಯಾಪಕರ ಓರಿಯೆಂಟೇಶನ್ ಕಾರ್ಯಕ್ರಮಗಳಲ್ಲಾಗಲಿ ಈ ಹೆಸರು ಕಿವಿಗೆ ಬೀಳುವುದು ಕಡಿಮೆ. ಆಕೆ ಮಾಡಿದ ಕೆಲಸ ಮಾತ್ರ ನಮ್ಮ ಸ್ಟಾಫ್ ರೂಮುಗಳಿಗೆ ಹೇಳಿ ಮಾಡಿಸಿದಂತಿದೆ.

ಸಿಟಿ ಕಾಲೇಜು, 1970

ಶಾನೆಸ್ಸಿ ಪಾಠ ಮಾಡಿದ ನ್ಯೂಯಾರ್ಕಿನ ಸಿಟಿ ಕಾಲೇಜು ಶುರುವಾದದ್ದು 1847ರಲ್ಲಿ, ಶುಲ್ಕವಿಲ್ಲದ ಸರ್ಕಾರಿ ಕಾಲೇಜಾಗಿ. ಶುಲ್ಕವಿರಲಿಲ್ಲ ಎಂದರೆ ಬಾಗಿಲು ತೆರೆದಿತ್ತು ಎಂದರ್ಥವಲ್ಲ. ಸೀಟು ಸಿಗುತ್ತಿದ್ದದ್ದು ಅಂಕದ ಮೇಲೆ. ಕಾಲೇಜು ಇದ್ದದ್ದು ಹಾರ್ಲೆಮ್‌ನಲ್ಲಿ, ಸುತ್ತಲೂ ಕಪ್ಪು ಜನರ ವಸತಿ. ತರಗತಿಯಲ್ಲಿ ಕೂತವರಲ್ಲಿ ಬಹುಪಾಲು ಬಿಳಿಯರು. 1969ರ ಏಪ್ರಿಲ್‌ನಲ್ಲಿ ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಒಂದು ಭಾಗಕ್ಕೆ ಬೀಗ ಜಡಿದು ಕೂತರು. ಆ ಹೋರಾಟದ ಬಿಸಿಗೆ ಸಿಟಿ ಕಾಲೇಜು ಸೇರಿದ್ದ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ, 1975ಕ್ಕೆಂದು ಇಟ್ಟುಕೊಂಡಿದ್ದ ಯೋಜನೆಯನ್ನು 1970ಕ್ಕೇ ತಂದಿತು: ನಗರದ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಒಂದಲ್ಲ ಒಂದು ಕಾಲೇಜಿನಲ್ಲಿ ಸೀಟು. ಹೈಸ್ಕೂಲಿನಲ್ಲಿ ಸರಾಸರಿ 80 ಅಂಕ ಬಂದಿದ್ದರೆ, ಇಲ್ಲವೇ ತನ್ನ ತರಗತಿಯ ಮೇಲಿನ ಅರ್ಧದಲ್ಲಿದ್ದರೆ ನಾಲ್ಕು ವರ್ಷದ ಕಾಲೇಜು. ಉಳಿದವರಿಗೆ ಎರಡು ವರ್ಷದ್ದು. ಮೇಲಿನ ಅರ್ಧ ಎಂಬ ಈ ಸಣ್ಣ ನಿಯಮವೇ ಎಲ್ಲವನ್ನೂ ಬದಲಿಸಿದ್ದು. ಎಷ್ಟೇ ಬಡ ಶಾಲೆಯಾದರೂ ಅದರಲ್ಲೂ ಮೇಲಿನ ಅರ್ಧ ಎಂಬುದೊಂದು ಇರುತ್ತದಲ್ಲ. ಹಿಂದಿನ ವರ್ಷ ಸುಮಾರು 20 ಸಾವಿರವಿದ್ದ ಮೊದಲ ವರ್ಷದ ದಾಖಲಾತಿ ಆ ವರ್ಷ 35 ಸಾವಿರದ ಆಸುಪಾಸಿಗೆ ಹೋಯಿತು.

ಶಾನೆಸ್ಸಿ 1967ರಿಂದಲೇ ಅಲ್ಲಿ ಇಂಥ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಹುಟ್ಟಿದ್ದು 1924ರಲ್ಲಿ, ಸೌತ್ ಡಕೋಟಾದ ಲೀಡ್ ಎಂಬ ಚಿನ್ನದ ಗಣಿಯ ಊರಿನಲ್ಲಿ. ನ್ಯೂಯಾರ್ಕಿಗೆ ಬಂದದ್ದು ನಟಿಯಾಗುವ ಆಸೆಯಿಂದ. ಡಾಕ್ಟರೇಟ್ ಇರಲಿಲ್ಲ. (ಇಂದಿನ ನಮ್ಮ ನೇಮಕಾತಿ ನಿಯಮಗಳಲ್ಲಿ ಆಕೆಯ ಅರ್ಜಿ ಮೊದಲ ಸುತ್ತು ದಾಟುತ್ತಿತ್ತೋ ಇಲ್ಲವೋ.) ಪ್ರವೇಶ ಪಡೆದವರು ಯಾವ ಮಟ್ಟದ ತರಗತಿಗೆ ಸೇರಬೇಕು ಎಂದು ತಿಳಿಯಲು ಅಲ್ಲೇ ಕೂತು ಒಂದು ಪ್ರಬಂಧ ಬರೆಯಬೇಕಿತ್ತು. ತಮ್ಮ ಪುಸ್ತಕದ ಮುನ್ನುಡಿಯಲ್ಲಿ ಶಾನೆಸ್ಸಿ ನೆನೆಯುವ ಒಂದು ಗಳಿಗೆ ಇಲ್ಲಿಂದಲೇ. ವಿದ್ಯಾರ್ಥಿಗಳು ಬರೆದುಕೊಟ್ಟು ಹೋಗಿದ್ದಾರೆ. ಹಳೆಯ, ಸವೆದ ತರಗತಿಯಲ್ಲಿ ಆಕೆ ಒಬ್ಬರೇ. ಈ ಸೆಮಿಸ್ಟರಿನಲ್ಲಿ ಏನೇನು ಕೆಲಸ ಇದೆ ಎಂದು ಬೇಗ ಅಂದಾಜು ಮಾಡಿಕೊಳ್ಳೋಣ ಎಂದು ಓದಲು ತೊಡಗುತ್ತಾರೆ. ಅಂದಾಜು ಸಿಗುವುದೇ ಇಲ್ಲ. ಯಾವ ತೊಂದರೆ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆ ಎಂದು ಬೇರ್ಪಡಿಸಲೂ ಆಗದಷ್ಟು ಗೋಜಲು. ಅದೇ ಹಾಳೆಗಳನ್ನು ಮತ್ತೆ ಮತ್ತೆ ಓದುತ್ತ ಕೂರುತ್ತಾರೆ.

ನನಗೆ ಮುಖ್ಯ ಅನಿಸುವುದು ಈ ಮತ್ತೆ ಮತ್ತೆ ಓದಿದ್ದು. ಹೆಚ್ಚಿನವರು ಅಲ್ಲಿ ಕೆಂಪು ಪೆನ್ನು ತೆಗೆಯುತ್ತಾರೆ, ಇಲ್ಲವೇ 'ಇವರು ಕಾಲೇಜಿಗೆ ಬರಬೇಕಾದವರಲ್ಲ' ಎಂದು ಟೀ ಕುಡಿಯಲು ಎದ್ದು ಹೋಗುತ್ತಾರೆ. ಈ ಎರಡನೇ ನಿಲುವಿಗೆ ಆಕೆ 1975ರ ಒಂದು ಭಾಷಣದಲ್ಲಿ ಚೆನ್ನಾಗಿ ಚಾಟಿ ಬೀಸಿದರು. ಹಿಂದುಳಿದ ವಿದ್ಯಾರ್ಥಿ ಯಾವ ಯಾವ ಹಂತ ದಾಟಿ ಬೆಳೆಯುತ್ತಾನೆ ಎಂದು ಎಲ್ಲರೂ ಪಟ್ಟಿ ಮಾಡುತ್ತಿದ್ದ ಕಾಲ. ಶಾನೆಸ್ಸಿ ಅಧ್ಯಾಪಕರು ಬೆಳೆಯುವ ಹಂತಗಳ ಪಟ್ಟಿ ಕೊಟ್ಟರು. ಮೊದಲು ಕೋಟೆ ಕಾಯುವ ಹಂತ: ಅನರ್ಹರು ಒಳಗೆ ಬಾರದಂತೆ ನೋಡಿಕೊಳ್ಳುವುದೇ ಕೆಲಸ. ಎರಡನೆಯದು ಮತಪ್ರಚಾರಕರದು: ಇವರಿಗೆ ಏನೂ ಗೊತ್ತಿಲ್ಲ, ನಮ್ಮ ವ್ಯಾಕರಣವನ್ನು ತುಂಬಿದರೆ ಸರಿಹೋಗುತ್ತಾರೆ. ಮೂರನೆಯದರಲ್ಲಿ ಮೇಷ್ಟ್ರಿಗೆ ಅನುಮಾನ ಹುಟ್ಟುತ್ತದೆ. ವಿದ್ಯಾರ್ಥಿಯನ್ನೂ ತನ್ನನ್ನೂ, ತಾನು ಕಲಿಸುವ ಭಾಷೆಯನ್ನೂ ನಿಗಾ ಇಟ್ಟು ನೋಡಲು ಶುರುಮಾಡುತ್ತಾನೆ. ನಾಲ್ಕನೆಯದು ನೀರಿಗೆ ಧುಮುಕುವುದು, ಅಂದರೆ ತಾನೇ ಮತ್ತೆ ವಿದ್ಯಾರ್ಥಿಯಾಗುವುದು. ನಮ್ಮಲ್ಲಿ ರೆಮಿಡಿಯಲ್ ಕ್ಲಾಸು ಎಂದು ವೇಳಾಪಟ್ಟಿಯಲ್ಲಿ ನಡೆಯುವುದು ಬಹುಮಟ್ಟಿಗೆ ಎರಡನೇ ಹಂತ.

ನಾಲ್ಕು ಸಾವಿರ ಹಾಳೆಕಟ್ಟು

1970ರಿಂದ 1974ರವರೆಗೆ ಬರೆಸಿದ ಸುಮಾರು 4,000 ಪ್ರವೇಶ ಪ್ರಬಂಧಗಳನ್ನು ಓದಿ ಆಕೆ ಬರೆದ ಪುಸ್ತಕ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಶನ್ಸ್' 1977ರಲ್ಲಿ ಬಂತು. ಅಧ್ಯಾಯಗಳ ಸಾಲೇ ನೋಡುವಂತಿದೆ: ಕೈಬರಹ ಮತ್ತು ಲೇಖನ ಚಿಹ್ನೆ, ವಾಕ್ಯರಚನೆ, ಸಾಮಾನ್ಯ ತಪ್ಪುಗಳು, ಕಾಗುಣಿತ, ಪದಸಂಪತ್ತು, ವಾಕ್ಯದಾಚೆ, ನಿರೀಕ್ಷೆ. ಒಬ್ಬ ವಿಶ್ವವಿದ್ಯಾಲಯದ ಸಂಶೋಧಕಿ ಪುಸ್ತಕವನ್ನು ಕೈಬರಹದಿಂದ ಶುರುಮಾಡಿದ್ದಾರೆ! ಕಾರಣ ಸರಳ. ತಡವರಿಸುವ ಕೈ, ಬರೆದು ಹೊಡೆದು ಮತ್ತೆ ಬರೆದ ಮೊದಲ ಸಾಲು, ಗಂಟೆಗೆ ನಾಲ್ಕಾರು ಸಾಲಿಗಿಂತ ಮುಂದೆ ಹೋಗದ ಬರವಣಿಗೆ: ಇವೆಲ್ಲ ಬುದ್ಧಿ ಕಡಿಮೆ ಎಂಬುದರ ಗುರುತಲ್ಲ, ರೂಢಿ ಇಲ್ಲ ಎಂಬುದರ ಗುರುತು. ಅದಕ್ಕೊಂದು ಲೆಕ್ಕವನ್ನೂ ಕೊಡುತ್ತಾರೆ. ಬ್ರಿಟನ್ನಿನ ಹೈಸ್ಕೂಲು ಹುಡುಗ ವಾರಕ್ಕೆ 1,000 ಪದ ಬರೆದಿರಬಹುದು. ಅಮೆರಿಕದ ಮಧ್ಯಮವರ್ಗದ ಶಾಲೆಯವನು ವಾರಕ್ಕೆ 350. ತಮ್ಮ ತರಗತಿಗೆ ಬಂದವರು ಒಂದು ಸೆಮಿಸ್ಟರಿಗೇ 350 ಪದ ಬರೆದಿದ್ದರೆ ಹೆಚ್ಚು, ಏನೂ ಬರೆಯದೆ ಬಂದವರೂ ಇದ್ದಾರು.

ಈ ಅಳತೆಯನ್ನು ಇಲ್ಲಿಗೆ ನೇರ ತಂದರೆ ಮೋಸಹೋಗುತ್ತೇವೆ. ನಮ್ಮ ವಿದ್ಯಾರ್ಥಿಯ ಕೈ ಸವೆಯುವಷ್ಟು ಬರೆದಿರುತ್ತದೆ. ಬೋರ್ಡಿನಿಂದ ಇಳಿಸಿಕೊಂಡದ್ದು, ಹೇಳಿಸಿ ಬರೆಸಿದ ನೋಟ್ಸು, ಗೈಡಿನ ಉತ್ತರ, ಶಿಕ್ಷೆಯಾಗಿ ಹತ್ತು ಸಲ ಬರೆದದ್ದು. ಅಕ್ಷರ ದುಂಡಗೆ, ವೇಗ ಚೆನ್ನ. ಅಷ್ಟರಲ್ಲಿ ಅವನೇ ಕಟ್ಟಿದ ವಾಕ್ಯಗಳು ಎಷ್ಟು ಎಂದು ಲೆಕ್ಕ ಹಾಕಿದರೆ ಮಾತ್ರ ಶಾನೆಸ್ಸಿ ಹೇಳಿದ್ದು ಅರ್ಥವಾಗುತ್ತದೆ. ಹಾಗಾಗಿ ಇಲ್ಲಿ ರೋಗಲಕ್ಷಣ ಕೈಬರಹದಲ್ಲಿ ಸಿಗುವುದಿಲ್ಲ, ಉತ್ತರದ ನಡುವೆ ಸಿಗುತ್ತದೆ. ವ್ಯಾಖ್ಯೆ, ಲಕ್ಷಣ, ಅನುಕೂಲ ಅನಾನುಕೂಲಗಳವರೆಗೆ ಒಂದು ತಪ್ಪೂ ಇಲ್ಲದೆ ಹರಿದುಬಂದ ಗದ್ಯ 'ನಿಮ್ಮ ಅಭಿಪ್ರಾಯವೇನು?' ಎಂಬ ಕೊನೆಯ ಭಾಗಕ್ಕೆ ಬಂದಕೂಡಲೇ ಮುರಿದುಬೀಳುತ್ತದೆ. ಮೊದಲ ಭಾಗ ನೆನಪಿನದು, ಮುರಿದದ್ದು ಅವನದು. ಅಧ್ಯಾಪಕರು ಓದಬೇಕಾದದ್ದು ಆ ಮುರಿದ ಐದು ಸಾಲನ್ನು.

ತಪ್ಪನ್ನು ಆಕೆ ಓದಿದ ರೀತಿಗೆ ಒಂದು ಉದಾಹರಣೆ ಸಾಕು. ಇಂಗ್ಲಿಷಿನಲ್ಲಿ 'ಹಿ ವಾಕ್ಸ್', 'ದೇ ವಾಕ್' ಎನ್ನಬೇಕು. ಆಕೆಯ ವಿದ್ಯಾರ್ಥಿಗಳು ಹಲವರು 'ಹಿ ವಾಕ್', 'ದೇ ವಾಕ್ಸ್' ಎಂದು ಬರೆಯುತ್ತಿದ್ದರು. ನೋಡುವವರಿಗೆ ತಲೆಕೆಳಗು. ಆದರೆ ನಾಮಪದಕ್ಕೆ 'ಸ್' ಸೇರಿದರೆ ಬಹುವಚನ ಎಂದು ಶಾಲೆಯಲ್ಲಿ ಕಲಿತದ್ದನ್ನು ಕ್ರಿಯಾಪದಕ್ಕೂ ಹಚ್ಚಿ ನೋಡಿ. 'ದೇ' ಬಹುವಚನ, ಆದ್ದರಿಂದ 'ಸ್' ಬೇಕು. ನಿಯಮ ಪಾಲಿಸಿದ್ದರಿಂದಲೇ ಆದ ತಪ್ಪು ಇದು. ಈ ಹುಡುಗನಿಗೆ 'ಎಚ್ಚರದಿಂದ ಬರೆ' ಎಂದರೆ ಇನ್ನಷ್ಟು ಎಚ್ಚರದಿಂದ ಅದೇ ತಪ್ಪು ಮಾಡುತ್ತಾನೆ. 'ವಾಕ್ಡ್' ಎಂಬಲ್ಲಿ ಭೂತಕಾಲದ ಗುರುತು ಬಿಟ್ಟುಹೋಗುವುದಕ್ಕೆ ಕಾರಣ ಬೇರೆ. ಅವರ ಆಡುಮಾತಿನಲ್ಲಿ ಆ ಕೊನೆಯ ವ್ಯಂಜನ ಕೇಳಿಸುವುದೇ ಕಡಿಮೆ, ಕೇಳದ್ದು ಕೈಗೂ ಬರುವುದಿಲ್ಲ. ಒಂದು ತಪ್ಪಿನ ಬೇರು ನಿಯಮದಲ್ಲಿ, ಇನ್ನೊಂದರದು ಕಿವಿಯಲ್ಲಿ. ಎರಡಕ್ಕೂ ಒಂದೇ ಕೆಂಪು ಸುತ್ತು ಹಾಕಿದರೆ ಎರಡೂ ವಾಸಿಯಾಗುವುದಿಲ್ಲ.

ಹಾಗೆಂದು ತಪ್ಪುಗಳನ್ನೆಲ್ಲ ಮುದ್ದು ಮಾಡಬೇಕು ಎಂದು ಆಕೆ ಹೇಳಲಿಲ್ಲ. ಓದುಗನ ಗಮನ ಮಿತವಾದದ್ದು. ತಪ್ಪು ಆ ಗಮನವನ್ನು ಖರ್ಚು ಮಾಡಿಸುತ್ತದೆ, ಬದಲಿಗೆ ಯಾವ ಅರ್ಥವನ್ನೂ ಕೊಡುವುದಿಲ್ಲ. ಆದ್ದರಿಂದ ತಿದ್ದಬೇಕಾದದ್ದೇ. ಬರೆಯುವವರು ಹೊಸಬರು, ಹೊಸಬರು ತಪ್ಪು ಮಾಡಿಯೇ ಕಲಿಯಬೇಕು ಎಂಬುದಷ್ಟೇ ಆಕೆಯ ವಾದ. 1975ರಲ್ಲಿ ಆಕೆ ಸ್ಥಾಪಿಸಿದ ಪತ್ರಿಕೆ 'ಜರ್ನಲ್ ಆಫ್ ಬೇಸಿಕ್ ರೈಟಿಂಗ್'ನ ಮೊದಲ ಸಂಚಿಕೆಯ ವಿಷಯವೂ ತಪ್ಪೇ.

ಅಬ್ಬ, ಹಾದರೆ

ಶಾನೆಸ್ಸಿಯ ಕಣ್ಣಿನಿಂದ ನಮ್ಮ ಕನ್ನಡದ ಹಾಳೆಗಳನ್ನು ನೋಡಿದರೆ ಎಷ್ಟೊಂದು ಸಿಗುತ್ತದೆ. ಹಳೆ ಮೈಸೂರಿನ ಹಲವು ಕಡೆ ಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುತ್ತದೆ. 'ಹಬ್ಬ' 'ಅಬ್ಬ'ವಾಗುತ್ತದೆ, 'ಹಳ್ಳಿ' 'ಅಳ್ಳಿ', 'ಹಿಂದೆ' 'ಇಂದೆ'. ಈ ಬರಹಗಳನ್ನು ಗೇಲಿ ಮಾಡದ ಮೇಷ್ಟ್ರು ಅಪರೂಪ. ಆದರೆ ಅದೇ ಹಾಳೆಯಲ್ಲಿ 'ಹಾದರೆ', 'ಹಾಗಸ್ಟ್' ಎಂದೂ ಇರುತ್ತದೆ. ಮೊದಲನೆಯದು ಬಾಯಿಯ ಮಾತು ಕೈಗೆ ಬಂದದ್ದು. ಎರಡನೆಯದು ತೀರಾ ಬೇರೆ: ತನ್ನ ಬಾಯಲ್ಲಿ ಹಕಾರ ಬೀಳುತ್ತದೆ ಎಂದು ಬರೆದವನಿಗೆ ಗೊತ್ತಾಗಿದೆ, ಆದ್ದರಿಂದ ಅನುಮಾನ ಬಂದಲ್ಲೆಲ್ಲ ಒಂದು ಹಕಾರ ಸೇರಿಸುತ್ತಿದ್ದಾನೆ. ಎಂದರೆ 'ಹಾದರೆ' ಎಂದು ಬರೆದವನು 'ಅಬ್ಬ' ಎಂದಷ್ಟೇ ಬರೆಯುವವನಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ! ಅಂಕ ಕೊಡುವಾಗ ಇಬ್ಬರಿಗೂ ಅರ್ಧರ್ಧ ಕಳೆಯುತ್ತೇವೆ. ಕಲಿಸುವಾಗಲಾದರೂ ಬೇರೆ ಮಾಡಬೇಕು. ಮೊದಲಿನವನಿಗೆ ಹಕಾರದ ಪದಗಳನ್ನು ಕೇಳಿಸಿ, ಓದಿಸಿ, ಕಿವಿ ಎಚ್ಚರಿಸಬೇಕು. ಎರಡನೆಯವನಿಗೆ ಸ್ವರದಿಂದ ಶುರುವಾಗುವ, ಅವನು ದಿನವೂ ಬಳಸುವ ಇಪ್ಪತ್ತು ಮೂವತ್ತು ಪದಗಳ ಪಟ್ಟಿ ಸಾಕು: ಆದರೆ, ಆಗ, ಅನ್ನ, ಇನ್ನು, ಒಳಗೆ, ಎಲ್ಲ. ಪಟ್ಟಿಯನ್ನು ಅವನೇ ತನ್ನ ಹಾಳೆಗಳಿಂದ ಹೆಕ್ಕಬೇಕು, ಮೇಷ್ಟ್ರು ಜೆರಾಕ್ಸ್ ಮಾಡಿ ಹಂಚಿದರೆ ಕೆಲಸಕ್ಕೆ ಬರುವುದಿಲ್ಲ.

ಮಹಾಪ್ರಾಣದ ಕಥೆಯೂ ಇದೇ. 'ಬಾಷೆ', 'ವಿದ್ಯಾರ್ತಿ' ಎಂದು ಬರೆಯುವ ಕೈಯೇ 'ಭಂದನು', 'ಧಾರಿ' ಎಂದೂ ಬರೆಯುತ್ತದೆ. ದಿನಬಳಕೆಯ ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಅಪರೂಪ, ಸಂಸ್ಕೃತದಿಂದ ಬಂದವುಗಳಲ್ಲಿ ಹೆಚ್ಚು ಎಂಬ ಒಂದು ಸುಳಿವು ಕೊಟ್ಟರೆ ಎರಡನೇ ಗುಂಪು ಬೇಗ ಕರಗುತ್ತದೆ. ಬರು, ಹೋಗು, ದಾರಿ, ಗಾಳಿಗಳಿಗೆ ಮಹಾಪ್ರಾಣ ಬೇಡ. ಮೊದಲ ಗುಂಪಿಗೆ ಇಂಥ ಅಡ್ಡದಾರಿ ಇಲ್ಲ, ಪದಪದವನ್ನೂ ಕಣ್ಣಿಗೆ ರೂಢಿಸಬೇಕು.

ಕಾಗುಣಿತಕ್ಕಿಂತ ವಾಕ್ಯ ಹೆಚ್ಚು ಹೇಳುತ್ತದೆ. ಸಮಾಜಶಾಸ್ತ್ರದ ಉತ್ತರಗಳಲ್ಲಿ ಬರುವಂಥ ಒಂದು ವಾಕ್ಯ: 'ಈ ಯೋಜನೆಯಿಂದ ರೈತರಿಗೆ ಅನುಕೂಲವಾಗಿದ್ದು, ಸರ್ಕಾರ ಸರಿಯಾಗಿ ಪ್ರಚಾರ ಮಾಡದ ಕಾರಣದಿಂದಾಗಿ ರೈತರು ತಿಳಿದಿಲ್ಲ.' ಕೊನೆಯಲ್ಲಿ 'ರೈತರಿಗೆ ತಿಳಿದಿಲ್ಲ' ಎಂದಿರಬೇಕು, ಅಥವಾ 'ರೈತರು ತಿಳಿದುಕೊಂಡಿಲ್ಲ'. ಎರಡೂ ಅವನ ತಲೆಯಲ್ಲಿವೆ, ಒಂದರ ಬಾಲ ಇನ್ನೊಂದರ ತಲೆಗೆ ಅಂಟಿದೆ. ಇಂಥ ಬೆರಕೆ ವಾಕ್ಯಗಳಿಗೆ ಶಾನೆಸ್ಸಿ ಬಹಳ ಪುಟ ಕೊಟ್ಟಿದ್ದಾರೆ. ಮನೆಯಲ್ಲಿ ಈ ಹುಡುಗ 'ರೈತರು ತಿಳಿದಿಲ್ಲ' ಎಂದು ಎಂದೂ ಮಾತಾಡಲಾರ. 'ಅನುಕೂಲವಾಗಿದ್ದು', 'ಕಾರಣದಿಂದಾಗಿ' ಎಂಬ ಪತ್ರಿಕೆಯ ಶೈಲಿಯನ್ನು ಹೊರಲು ಹೋಗಿ, ಮೂರು ಸಂಗತಿಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಲು ಹೋಗಿ ಜಾರಿದ್ದಾನೆ. ದೊಡ್ಡ ವಾಕ್ಯಕ್ಕೆ ಕೈಹಾಕದವನಿಗೆ ಈ ತಪ್ಪು ಬರುವುದೇ ಇಲ್ಲ. ಅದಕ್ಕೇ ಸೆಮಿಸ್ಟರಿನ ನಡುವೆ ಒಬ್ಬರ ತಪ್ಪುಗಳು ಹೆಚ್ಚಾದರೆ ಗಾಬರಿ ಬೇಡ, ಅವರ ವಾಕ್ಯಗಳ ಉದ್ದ ನೋಡಬೇಕು. ಉದ್ದ ಬೆಳೆದು ತಪ್ಪು ಹೆಚ್ಚಿದ್ದರೆ ಅದು ಒಳ್ಳೆಯ ಸುದ್ದಿಯೇ.

ಎಲ್ಲದಕ್ಕೂ ಕನ್ನಡವೇ ಕಾರಣವಲ್ಲ

ಕನ್ನಡ ಮಾಧ್ಯಮದಿಂದ ಬಂದವರ ಇಂಗ್ಲಿಷು ನೋಡಿ 'ಮಾತೃಭಾಷೆಯ ಪ್ರಭಾವ' ಎಂದು ಒಂದೇ ಏಟಿಗೆ ಮುಗಿಸುವುದು ನಮ್ಮಲ್ಲಿ ರೂಢಿ. ಕಲಿಯುವವರ ತಪ್ಪು ಅವರೊಳಗಿನ ವ್ಯವಸ್ಥೆಯೊಂದನ್ನು ತೋರಿಸುತ್ತದೆ ಎಂದು ಭಾಷಾಶಾಸ್ತ್ರಜ್ಞ ಪಿಟ್ ಕಾರ್ಡರ್ 1967ರಲ್ಲೇ ಬರೆದಿದ್ದರು. ಲ್ಯಾರಿ ಸೆಲಿಂಕರ್ 1972ರಲ್ಲಿ ಆ ನಡುವಿನ ವ್ಯವಸ್ಥೆಗೆ, ಅಂದರೆ ಮನೆಭಾಷೆಯೂ ಅಲ್ಲದ ಗುರಿಭಾಷೆಯೂ ಅಲ್ಲದ ಒಂದಕ್ಕೆ, ಇಂಟರ್‌ಲ್ಯಾಂಗ್ವೇಜ್ ಎಂದು ಹೆಸರಿಟ್ಟರು. ಅದರಲ್ಲಿ ಮನೆಭಾಷೆಯ ಪಾಲು ಎಷ್ಟು ಎಂಬುದನ್ನು ತಪ್ಪು ತಪ್ಪಿಗೂ ಬೇರೆಯಾಗಿಯೇ ಕೇಳಬೇಕು.

'ರವಿ ಟೋಲ್ಡ್ ದಟ್ ಐ ವಿಲ್ ಕಮ್ ಟುಮಾರೋ' ಎಂಬುದನ್ನು ತೆಗೆದುಕೊಳ್ಳಿ. ಬರುವವನು ರವಿ, ಆದರೆ ಇಂಗ್ಲಿಷ್ ಓದುಗನಿಗೆ ಬರೆದವನೇ ಬರುತ್ತಾನೆ ಎಂದಾಗುತ್ತದೆ. ಇದರ ಹಿಂದೆ 'ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ' ಎಂಬ ಕನ್ನಡ ನೇರವಾಗಿ ನಿಂತಿದೆ. ನಮ್ಮ 'ಎಂದು' ಆಡಿದ ಮಾತನ್ನು ಆಡಿದ ಹಾಗೇ ಹಿಡಿದಿಡುತ್ತದೆ. ಇಲ್ಲಿ ಪರಿಹಾರ ಸುಲಭ. ಮೊದಲು ಉದ್ಧರಣ ಚಿಹ್ನೆ ಹಾಕಿ ರವಿಯ ಮಾತನ್ನು ಇದ್ದಂತೆ ಬರೆಸಿ, ಅದು ರೂಢಿಯಾದ ಮೇಲೆ 'ದಟ್' ಬಂದಾಗ ಚಿಹ್ನೆ ತೆಗೆದು 'ಐ' ಅನ್ನು 'ಹಿ' ಮಾಡಿಸಬೇಕು. ಡೈರೆಕ್ಟ್ ಇಂಡೈರೆಕ್ಟ್ ಎಂದು ಹನ್ನೆರಡು ನಿಯಮದ ಚಾರ್ಟು ಬೋರ್ಡಿಗೆ ಬರೆದು ಶುರುಮಾಡಿದರೆ ಈ ಒಂದು ಗಂಟು ಅದರಲ್ಲೇ ಕಳೆದುಹೋಗುತ್ತದೆ.

ಈಗ 'ಹಿ ಡಿಡ್ ನಾಟ್ ವೆಂಟ್' ನೋಡಿ. ಇದಕ್ಕೂ ಕನ್ನಡವೇ ಕಾರಣ ಎನ್ನುವವರು ಒಂದು ಗಳಿಗೆ ಕನ್ನಡವನ್ನು ಕೇಳಬೇಕು. 'ಹೋದ' ಎಂಬುದರ ನಿಷೇಧ 'ಹೋಗಲಿಲ್ಲ'. 'ಹೋದಲಿಲ್ಲ' ಎಂದು ಮೂರು ವರ್ಷದ ಮಗುವೂ ಅನ್ನುವುದಿಲ್ಲ. ಕ್ರಿಯಾಪದದಿಂದ ಭೂತಕಾಲದ ರೂಪ ಕಳಚುವುದು ಕನ್ನಡದಲ್ಲೂ ಉಂಟು. ಅಂದಮೇಲೆ ಈ ತಪ್ಪು ಕನ್ನಡದಿಂದ ಬಂದದ್ದಲ್ಲ. ಭೂತಕಾಲವೆಂದರೆ 'ವೆಂಟ್' ಎಂದು ಕಲಿತದ್ದನ್ನು ಬಿಡದೆ ಹಚ್ಚಿದ್ದರಿಂದ ಬಂದದ್ದು. ಇಂಗ್ಲಿಷನ್ನೇ ಮನೆಭಾಷೆಯಾಗಿ ಕಲಿಯುವ ಮಕ್ಕಳೂ ಒಂದು ಹಂತದಲ್ಲಿ ಹೀಗೆ ಮಾಡುತ್ತಾರೆ. ಇಲ್ಲಿ ಕನ್ನಡವನ್ನು ದೂರುವ ಬದಲು ಕರೆದು ಕೂರಿಸಿಕೊಳ್ಳಬಹುದು. ಹೋದ, ಹೋಗಲಿಲ್ಲ, ತಿಂದ, ತಿನ್ನಲಿಲ್ಲ, ಬಂದ, ಬರಲಿಲ್ಲ ಎಂದು ಜೋಡಿಯಾಗಿ ಬೋರ್ಡಿನ ಒಂದು ಬದಿಗೆ, ವೆಂಟ್, ಡಿಡ್ ನಾಟ್ ಗೋ ಇನ್ನೊಂದು ಬದಿಗೆ ಬರೆದರೆ ಹತ್ತು ನಿಮಿಷದ ಪಾಠ.

ಒಂದು ಹಾಳೆಯನ್ನು ಓದುವ ಕೆಲಸ

ಇದನ್ನು ಮಾಡಿ ನೋಡಬೇಕೆನ್ನುವವರಿಗೆ ಕೆಲವು ವಿವರ. ಮೊದಲ ತೊಡಕು ಹಾಳೆಯದೇ. ಮನೆಯಿಂದ ಬರೆದು ತಂದ ಅಸೈನ್‌ಮೆಂಟ್ ಈ ಕೆಲಸಕ್ಕೆ ನಿರುಪಯೋಗಿ. ಅದರಲ್ಲಿ ಗೈಡು, ಗೆಳತಿಯ ನೋಟ್ಸು, ಫೋನಿನ ಆಟೋಕರೆಕ್ಟು, ಈಗೀಗ ಎಐ, ಎಲ್ಲರ ಕೈವಾಡವೂ ಇರುತ್ತದೆ, ಬರೆದವನೊಬ್ಬನದನ್ನು ಬಿಟ್ಟು. ತರಗತಿಯಲ್ಲೇ 40 ನಿಮಿಷ ಕೊಟ್ಟು, ಕೈಯಲ್ಲಿ, 200ರಿಂದ 300 ಪದ ಬರೆಸಬೇಕು. ವಿಷಯ ಬಾಯಿಪಾಠವಾಗಿರದಂಥದು ಬೇಕು. 'ನನ್ನ ಮೆಚ್ಚಿನ ಹಬ್ಬ', 'ಪರಿಸರ ಮಾಲಿನ್ಯ' ಕೊಟ್ಟರೆ ಹೈಸ್ಕೂಲಿನಲ್ಲಿ ಉರುಹೊಡೆದದ್ದು ಹಾಗೇ ಬರುತ್ತದೆ. 'ನಿಮ್ಮೂರಿನ ಬಸ್ ವೇಳೆ ಬದಲಾಯಿಸಬೇಕಾದರೆ ಹೇಗೆ, ಯಾಕೆ' ಎಂಬಂಥದ್ದು ಒಳ್ಳೆಯದು: ವಿಷಯ ಗೊತ್ತಿದೆ, ವಾಕ್ಯ ಸಿದ್ಧವಿಲ್ಲ. ಒಬ್ಬರದು ಒಂದೇ ಹಾಳೆ ಸಾಲದು. ಎರಡು ವಾರದ ಅಂತರದಲ್ಲಿ ಎರಡಾದರೂ ಬೇಕು, ಇಲ್ಲವಾದರೆ ಆ ದಿನದ ಜ್ವರವೂ ವ್ಯಾಕರಣದ ಖಾತೆಗೆ ಬೀಳುತ್ತದೆ.

ಮೊದಲ ಓದಿನಲ್ಲಿ ಪೆನ್ನು ಮುಟ್ಟಬಾರದು. ಏನು ಹೇಳಲು ಹೊರಟಿದ್ದಾನೆ ಎಂಬುದು ಸಿಗದೆ ಯಾವ ತಪ್ಪಿಗೂ ಹೆಸರಿಡಲಾಗುವುದಿಲ್ಲ. 'ರೈತರು ತಿಳಿದಿಲ್ಲ' ಎಂಬುದು ವಿಭಕ್ತಿಯ ತಪ್ಪೋ ಕ್ರಿಯಾಪದದ್ದೋ ಎನ್ನುವುದು ಅವನು ಯಾವ ವಾಕ್ಯ ಬರೆಯಲು ಹೊರಟಿದ್ದ ಎಂಬುದರ ಮೇಲೆ ನಿಂತಿದೆ. ಎರಡನೇ ಓದಿನಲ್ಲಿ ತಪ್ಪಾದ ಇಡೀ ವಾಕ್ಯವನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಿ, ಪದವನ್ನಷ್ಟೇ ಅಲ್ಲ. ಆಮೇಲೆ ಹೆಚ್ಚಿನವರು ಬಿಟ್ಟುಬಿಡುವ ಮೆಟ್ಟಿಲು: ಅದೇ ಸಂಗತಿಯನ್ನು ಅವನು ಸರಿಯಾಗಿ ಬರೆದ ಜಾಗಗಳನ್ನೂ ಹೆಕ್ಕಬೇಕು. ಭೂತಕಾಲದಲ್ಲಿ ಹತ್ತು ತಪ್ಪು ಎಂದಷ್ಟೇ ಬರೆದುಕೊಂಡರೆ ಏನೂ ತಿಳಿಯದು. ಭೂತಕಾಲ ಬೇಕಿದ್ದ 12 ಜಾಗದಲ್ಲಿ ಹತ್ತು ತಪ್ಪೋ, 60ರಲ್ಲಿ ಹತ್ತೋ? ಮೊದಲಿನವನಿಗೆ ನಿಯಮವೇ ಗೊತ್ತಿಲ್ಲ. ಎರಡನೆಯವನಿಗೆ ಗೊತ್ತು, ಒಂದು ಬಗೆಯ ಜಾಗದಲ್ಲಿ ಮಾತ್ರ ಕೈಕೊಡುತ್ತದೆ. ಆ ಜಾಗ ಯಾವುದು ಎಂದು ನೋಡಿದರೆ ಬಹಳ ಸಲ ಉತ್ತರ ತಾನಾಗಿ ಹೊರಬರುತ್ತದೆ: ಎರಡನೇ ಕ್ರಿಯಾಪದದಲ್ಲಿ ಮಾತ್ರ, ಅಥವಾ 'ಆಂಡ್' ಬಂದಮೇಲೆ ಮಾತ್ರ. ವರ್ಗಗಳನ್ನು ಐದಾರಕ್ಕಿಂತ ಹೆಚ್ಚು ಮಾಡಿಕೊಳ್ಳಬೇಡಿ. ಇಪ್ಪತ್ತು ಕಾಲಮ್ಮಿನ ಎಕ್ಸೆಲ್ ಹಾಳೆ ಮಾಡಿಕೊಂಡರೆ ಪ್ರತಿ ಕಾಲಮ್ಮಿಗೆ ಎರಡೆರಡು ತಪ್ಪು ಬಿದ್ದು ಯಾವ ಮಾದರಿಯೂ ಕಾಣುವುದಿಲ್ಲ.

ಕೊನೆಗೆ ಬರೆದವರನ್ನೇ ಕರೆದು ಓದಿಸಬೇಕು, ಜೋರಾಗಿ. ಪಿಟ್ಸ್‌ಬರ್ಗ್‌ನ ಡೇವಿಡ್ ಬಾರ್ತಲೊಮೆ 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಸೊಗಸಾದ ದಾಖಲೆ ಇದೆ. ಅವರ ವಿದ್ಯಾರ್ಥಿಯೊಬ್ಬ ತನ್ನದೇ ಪ್ರಬಂಧ ಓದುವಾಗ ಹಾಳೆಯ ಮೇಲಿನ ಎಷ್ಟೋ ತಪ್ಪುಗಳನ್ನು ಬಾಯಲ್ಲಿ ಸರಿಮಾಡಿಕೊಂಡೇ ಓದುತ್ತಾನೆ, ತಾನು ಓದಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸವಿದೆ ಎಂಬುದು ಅವನಿಗೆ ಕಾಣುವುದೇ ಇಲ್ಲ. ಅಂಥವನಿಗೆ ವ್ಯಾಕರಣದ ಪಾಠ ದಂಡ. ಅವನಿಗೆ ಬೇಕಾದದ್ದು ತನ್ನ ಹಾಳೆಯನ್ನು ತಾನೇ ಅಕ್ಷರಶಃ ನೋಡುವ ಅಭ್ಯಾಸ: ಬೆರಳಿಟ್ಟು ಓದುವುದು, ಕೊನೆಯ ವಾಕ್ಯದಿಂದ ಮೇಲಕ್ಕೆ ಓದುವುದು. ಓದುವಾಗಲೂ ತಪ್ಪಾಗಿಯೇ ಓದಿದರೆ ಮಾತ್ರ ನಿಯಮ ಹೇಳಿಕೊಡುವ ಪ್ರಸಂಗ. ಓದುವಾಗ ಎಡವಿ ನಿಂತ ಜಾಗವಿದೆಯಲ್ಲ, ಅಲ್ಲಿ ಅವನಿಗೇ ಅನುಮಾನವಿದೆ. ಮಾತು ಅಲ್ಲಿಂದ ಶುರುಮಾಡಬಹುದು.

ಇಡೀ ತರಗತಿಗಾದರೆ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಹ್ಯಾಸ್ವೆಲ್ 1983ರಲ್ಲಿ ಹೇಳಿದ ಉಪಾಯವಿದೆ. ತಪ್ಪಿರುವ ಸಾಲಿನ ಪಕ್ಕದ ಅಂಚಿನಲ್ಲಿ ಬರೀ ಒಂದು ಗುರುತು, ಎರಡು ತಪ್ಪಿದ್ದರೆ ಎರಡು. ಏನು ತಪ್ಪು ಎಂದು ಬರೆಯುವುದಿಲ್ಲ. ಹಾಳೆ ವಾಪಸು ಕೊಟ್ಟು ತರಗತಿಯಲ್ಲೇ ಹದಿನೈದು ನಿಮಿಷ ಬಿಟ್ಟರೆ ವಿದ್ಯಾರ್ಥಿಗಳು ಶೇಕಡಾ 60ರಷ್ಟನ್ನು ತಾವೇ ಹುಡುಕಿ ಸರಿಮಾಡುತ್ತಾರೆ ಎಂಬುದು ಅವರ ಅನುಭವ. ಉಳಿದದ್ದಷ್ಟೇ ನಿಜಕ್ಕೂ ಕಲಿಸಬೇಕಾದದ್ದು. ಇಲ್ಲಿ ಒಂದು ಎಚ್ಚರ: ಸರಿಮಾಡಿದ ಮೇಲೆಯೇ ಅಂಕ ಬರೆಯಬೇಕು. ಅಂಕ ಮೊದಲೇ ಕಂಡರೆ ಯಾರೂ ಗುರುತಿನ ಕಡೆ ತಿರುಗಿ ನೋಡುವುದಿಲ್ಲ.

ಎಲ್ಲಿ ತಡೆಯಿತು

ಶಾನೆಸ್ಸಿಯನ್ನು ಟೀಕಿಸಿದವರೂ ಗಟ್ಟಿಗರೇ. ಜಾನ್ ರೌಸ್ 1979ರಲ್ಲಿ, ಈ ವಾಕ್ಯಾಭ್ಯಾಸವೆಲ್ಲ ಬಡವರ ಮಕ್ಕಳನ್ನು ಶಿಸ್ತಿಗೆ ಒಗ್ಗಿಸುವ ಕೆಲಸ ಎಂದರು. ಮಿನ್-ಝಾನ್ ಲು 1991ರಲ್ಲಿ ಎತ್ತಿದ ಪ್ರಶ್ನೆ ಇನ್ನೂ ಆಳದ್ದು: ಕಾಲೇಜಿನ ಭಾಷೆ ಕಲಿತರೆ ಹೇಳುವ ರೀತಿ ಮಾತ್ರ ಬದಲಾಗುತ್ತದೆ, ಹೇಳುವ ಸಂಗತಿ ಹಾಗೇ ಉಳಿಯುತ್ತದೆ ಎಂದು ಶಾನೆಸ್ಸಿ ನಂಬಿದಂತಿದೆ, ಅದು ನಿಜವೇ? ಮನೆಯ ಭಾಷೆಯಿಂದ ತರಗತಿಯ ಭಾಷೆಗೆ ಬರುವಾಗ ಒಳಗೆ ನಡೆಯುವ ಜಗ್ಗಾಟಕ್ಕೆ ಆ ಪುಸ್ತಕದಲ್ಲಿ ಜಾಗ ಕಡಿಮೆ ಎಂಬುದನ್ನು ನಾನೂ ಒಪ್ಪುತ್ತೇನೆ. 'ಅಬ್ಬ' ಎಂದು ಬರೆದವಳಿಗೆ ಹಕಾರ ಕಲಿಸುವಾಗ ಅವಳ ಅವ್ವನ ಮಾತಿನ ಬಗ್ಗೆಯೂ ಏನನ್ನೋ ಹೇಳಿಬಿಟ್ಟಿರುತ್ತೇವೆ. ಆದರೆ ಈ ಟೀಕೆಯನ್ನು ಹಿಡಿದು ವಾಕ್ಯವನ್ನೇ ಕಲಿಸದೆ ಬಿಟ್ಟರೆ ನಷ್ಟ ಯಾರಿಗೆ ಎಂಬುದೂ ಗೊತ್ತಿರುವುದೇ. ಇಂಗ್ಲಿಷ್ ಮನೆಯಿಂದ ಬಂದವನು ಹೇಗೂ ಪಾಸಾಗುತ್ತಾನೆ.

ಆಕೆಯ ಕೆಲಸವನ್ನು ನಿಜವಾಗಿ ತಡೆದದ್ದು ಟೀಕೆಯಲ್ಲ, ದುಡ್ಡು. ನ್ಯೂಯಾರ್ಕ್ ನಗರ ದಿವಾಳಿಯಂಚಿಗೆ ಬಂದು 1976ರಲ್ಲಿ ವಿಶ್ವವಿದ್ಯಾಲಯ ಶುಲ್ಕ ಹೇರಿತು. 129 ವರ್ಷದ ಉಚಿತ ಶಿಕ್ಷಣ ಅಲ್ಲಿಗೆ ಮುಗಿಯಿತು. ಅನೇಕ ಅಧ್ಯಾಪಕರು ಕೆಲಸ ಕಳೆದುಕೊಂಡರು. ಪುಸ್ತಕ ಬಂದ ಮರುವರ್ಷ, 1978ರ ನವೆಂಬರಿನಲ್ಲಿ, ಶಾನೆಸ್ಸಿ ಕ್ಯಾನ್ಸರ್‌ನಿಂದ ತೀರಿಕೊಂಡರು, 54ನೇ ವಯಸ್ಸಿಗೆ. ನಾಲ್ಕು ವರ್ಷದ ಕಾಲೇಜುಗಳಲ್ಲಿ ಇಂಥ ಪೂರಕ ತರಗತಿಗಳನ್ನೇ ನಿಲ್ಲಿಸುವ ತೀರ್ಮಾನ 1999ರಲ್ಲಿ ಆಯಿತು.

ಇಲ್ಲಿಯೂ ಲೆಕ್ಕ ಹಾಕದೆ ಮುಗಿಸಲಾಗದು. ಮೇಲೆ ಹೇಳಿದ ಓದಿಗೆ ಒಬ್ಬರಿಗೆ 20 ನಿಮಿಷ ಬೇಕು. 60 ಜನರ ತರಗತಿಗೆ 20 ಗಂಟೆ. ಎರಡು ಸೆಕ್ಷನ್ ಇದ್ದರೆ 40. ನ್ಯಾಕ್ ಮಾನ್ಯತೆಯ ಫೈಲು, ಚುನಾವಣಾ ಡ್ಯೂಟಿ, ಪೋರ್ಟಲ್ಲಿಗೆ ಅಂಕ ತುಂಬುವ ಕೆಲಸದ ನಡುವೆ, ಅದರಲ್ಲೂ ಗಂಟೆ ಲೆಕ್ಕದ ಸಂಬಳದ ಅತಿಥಿ ಉಪನ್ಯಾಸಕರಿಂದ, ಇದನ್ನು ಕೇಳುವುದೇ ಅನ್ಯಾಯ. ಆಗುವಂಥದ್ದು ಇಷ್ಟು: ಮೊದಲ ವಾರ ಎಲ್ಲರಿಂದ ಬರೆಸಿಕೊಂಡು ಹಾಳೆ ಎತ್ತಿಟ್ಟುಕೊಳ್ಳಿ, ತಿದ್ದಬೇಡಿ. ವಾರಕ್ಕೆ ಆರು ಜನರದನ್ನು ಮಾತ್ರ ಓದಿ, ಎರಡು ಗಂಟೆಯ ಕೆಲಸ. ಹತ್ತು ವಾರದಲ್ಲಿ ಒಂದು ಸೆಕ್ಷನ್ ಮುಗಿಯುತ್ತದೆ. ಮೂರನೇ ವಾರಕ್ಕೆ ಒಂದೇ ಬಗೆಯ ತಪ್ಪು ಹಲವರಲ್ಲಿ ಕಾಣತೊಡಗುವುದರಿಂದ ಆಮೇಲಿನ ಓದು ಬೇಗ ಸಾಗುತ್ತದೆ. ಒಬ್ಬೊಬ್ಬರಿಗೆ ಒಂದೇ ಒಂದು ಮಾದರಿ ಹೇಳಿ, ಉಳಿದದ್ದು ಕಂಡರೂ ಸುಮ್ಮನಿರಿ. ಇಂಟರ್ನಲ್ಸ್ ಹಿಂದಿನ ವಾರ ಮಾತ್ರ ಬರೆಸಲು ಹೋಗಬೇಡಿ. ಆ ವಾರ ಯಾರೂ ಸ್ವಂತ ವಾಕ್ಯ ಬರೆಯುವುದಿಲ್ಲ.